ನಿವೃತ್ತಿಯ ನಂತರ ಕೀನ್ಯಾದಲ್ಲಿ ಸಭಾಸೇವೆ: ಹಿರಿಯ ದಂಪತಿಗಳಿಗೊಂದು ಮಾರ್ಗದರ್ಶಿ

ನಿವೃತ್ತಿಯಾಗಿದೆ, ಮಕ್ಕಳು ತಮ್ಮ ಕಾಲ ಮೇಲೆ ನಿಂತಿದ್ದಾರೆ, ಮೈಯಲ್ಲಿ ಇನ್ನೂ ಕಸುವಿದೆ. ಇಂಥ ಹೊತ್ತಿನಲ್ಲಿ ಒಂದೆರಡು ವರ್ಷ ಹೊರದೇಶದ ಸಭೆಯೊಂದರಲ್ಲಿ ದುಡಿದು ಬರಬೇಕೆಂಬ ಆಸೆಯುಳ್ಳ ದಂಪತಿಗಳು ಮಂಗಳೂರು, ಧಾರವಾಡ, ಮೈಸೂರು, ಬೆಂಗಳೂರಿನ ಕ್ರೈಸ್ತ ಸಭೆಗಳಲ್ಲಿ ಕಾಣಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಶಿಕ್ಷಕರು, ನರ್ಸುಗಳು, ಲೆಕ್ಕಪತ್ರ ನೋಡಿದವರು, ಕಟ್ಟಡದ ಕೆಲಸ ಬಲ್ಲವರು. ಅವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ವಿಮಾನದ ಟಿಕೆಟ್ಟಿನವರೆಗೆ ಬಂದು ನಿಂತುಬಿಡುತ್ತವೆ. ಅಲ್ಲಿ ಇಳಿದ ಮೇಲೆ ಮೊದಲ ಕೆಲವು ತಿಂಗಳು ಹೇಗೆ ಬದುಕಬೇಕು ಎಂದು ಕೇಳುವವರು ಕಡಿಮೆ. ಆ ತಿಂಗಳುಗಳಲ್ಲಿ ಒಗ್ಗಿಕೊಂಡವರು ಮುಂದೆ ಏನಾದರೂ ಮಾಡಬಲ್ಲರು, ಒಗ್ಗದವರು ಅವಧಿ ಮುಗಿಯುವುದನ್ನೇ ಕಾಯುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ನೆಲೆಯೂರುವುದನ್ನು ಕುರಿತದ್ದೇ ಆಗಿದೆ.

ಕೀನ್ಯಾವನ್ನು ಎದುರಿಗಿಟ್ಟುಕೊಂಡು ಬರೆಯಲು ಕಾರಣಗಳಿವೆ. ಅಲ್ಲಿ ಇಂಗ್ಲಿಷ್ ಮತ್ತು ಸ್ವಾಹಿಲಿ ಎರಡೂ ಅಧಿಕೃತ ಭಾಷೆಗಳಾದ್ದರಿಂದ ಇಳಿದ ದಿನವೇ ಮಾತಿಗೆ ದಾರಿಯಿದೆ. ಪೂರ್ವ ಆಫ್ರಿಕದ ಪ್ರೆಸ್ಬಿಟೇರಿಯನ್ ಸಭೆ, ಆಂಗ್ಲಿಕನ್ ಸಭೆ, ಮೆಥಡಿಸ್ಟ್ ಸಭೆ ಹಾಗೂ ಕಥೋಲಿಕ ಧರ್ಮಪ್ರಾಂತ್ಯಗಳು ಅಲ್ಲಿ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆಸುತ್ತವೆ. ಕಿಕುಯು, ಚೊಗೋರಿಯಾ, ಮೌವಾ ಊರುಗಳ ಮಿಷನ್ ಆಸ್ಪತ್ರೆಗಳು ಅವುಗಳಲ್ಲಿ ಹೆಸರಾದವು. ಇಂಥ ಸಂಸ್ಥೆಗಳಲ್ಲಿ ಅನುಭವಸ್ಥರ ಕೈಗೆ ಕೆಲಸಕ್ಕೆ ಕೊರತೆಯಿಲ್ಲ. ನಮಗೂ ಅವರಿಗೂ ಇನ್ನೊಂದು ಹಳೆಯ ನಂಟೂ ಉಂಟು. 1834ರಲ್ಲಿ ಮಂಗಳೂರಿಗೆ ತನ್ನ ಮೊದಲ ಮಿಷನರಿಗಳನ್ನು ಕಳುಹಿಸಿದ ಬಾಸೆಲ್ ಮಿಷನ್ನಿನ ಶಾಲೆಯಲ್ಲೇ ಕಲಿತ ಯೋಹಾನ್ ಲುಡ್ವಿಗ್ ಕ್ರಾಪ್ಫ್ 1844ರಲ್ಲಿ ಮೊಂಬಾಸಾಕ್ಕೆ ಬಂದಿಳಿದು, ಅಲ್ಲಿನ ಪ್ರಾಟೆಸ್ಟಂಟ್ ಸಭೆಯ ಇತಿಹಾಸಕ್ಕೆ ಮೊದಲಿಗನಾದ.

ಮೊದಲ ಹಂತ: ಕರೆ ಯಾರಿಗೆ, ಕೆಲಸ ಯಾವುದು ಎಂಬುದನ್ನು ಬರೆಸಿಕೊಳ್ಳಿ

ಸ್ವಂತ ಉತ್ಸಾಹದಿಂದ ನೇರವಾಗಿ ಹೊರಡಬೇಡಿ. ನಿಮ್ಮ ಸಭಾಪಾಲಕರು, ಡಯಾಸಿಸ್ ಅಥವಾ ಧರ್ಮಪ್ರಾಂತ್ಯ, ಇಲ್ಲವೇ ನೀವು ಸೇರಿದ ಮಿಷನ್ ಸಂಸ್ಥೆಯ ಮೂಲಕವೇ ಹೋಗಿ. ಅಲ್ಲಿ ಬರಮಾಡಿಕೊಳ್ಳುವ ಸಭೆಯಿಂದ ಲಿಖಿತ ಆಹ್ವಾನ ಬಂದ ಮೇಲಷ್ಟೇ ಮುಂದಿನ ಹೆಜ್ಜೆ ಇಡಿ. ಕೆಲವು ಸಭೆಗಳಲ್ಲಿ ಇದಕ್ಕೆಂದೇ ಪೂರ್ಣ ವ್ಯವಸ್ಥೆಯಿದೆ. ಲೇಟರ್-ಡೇ ಸೇಂಟ್ಸ್ ಸಭೆಯಲ್ಲಿ ಹಿರಿಯ ದಂಪತಿಗಳು 6ರಿಂದ 23 ತಿಂಗಳ ಅವಧಿಗೆ, ಬಹುಮಟ್ಟಿಗೆ ತಮ್ಮ ಸ್ವಂತ ಖರ್ಚಿನಲ್ಲಿ ಸೇವೆಗೆ ಹೋಗುತ್ತಾರೆ. ಉಳಿದ ಸಭೆಗಳಲ್ಲಿ ಇಷ್ಟು ಸ್ಪಷ್ಟವಾದ ಪದ್ಧತಿ ಇಲ್ಲದಿರುವುದರಿಂದ ಷರತ್ತುಗಳನ್ನು ನೀವೇ ಕೇಳಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಒಪ್ಪಂದದ ಪತ್ರದಲ್ಲಿ ಅವಧಿ, ವಸತಿ, ಓಡಾಟದ ಖರ್ಚು, ರಜೆ, ಕೆಲಸದ ಮೇಲ್ವಿಚಾರಕರು ಯಾರು, ಒಬ್ಬರಿಗೆ ಗಂಭೀರ ಕಾಯಿಲೆಯಾದರೆ ಊರಿಗೆ ಕರೆತರುವ ವೆಚ್ಚ ಯಾರದು ಎಂಬಿಷ್ಟು ವಿಷಯಗಳು ಇರಲೇಬೇಕು. ದೇವರ ಕೆಲಸಕ್ಕೆ ಹೋಗುವಾಗ ಇಷ್ಟೆಲ್ಲ ಕೇಳುವುದು ಸರಿಯೇ ಎಂದು ನಮ್ಮವರು ಸಂಕೋಚಪಡುತ್ತಾರೆ. ಸಂಕೋಚ ಬೇಡ, ಬರಮಾಡಿಕೊಳ್ಳುವ ಸಭೆಗೂ ತನ್ನ ಹೊಣೆಯ ಎಲ್ಲೆ ಎಲ್ಲಿಯವರೆಗೆ ಎಂದು ಮೊದಲೇ ತಿಳಿದಿರುವುದು ನೆಮ್ಮದಿಯೇ.

ಇದರಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಎಷ್ಟೋ ಆಹ್ವಾನ ಪತ್ರಗಳಲ್ಲಿ ಗಂಡನ ಹೆಸರು, ಹುದ್ದೆ, ಕೆಲಸದ ವಿವರ ಎಲ್ಲ ಇದ್ದು, ಕೊನೆಯಲ್ಲಿ 'ಮತ್ತು ಅವರ ಪತ್ನಿ' ಎಂದಷ್ಟೇ ಇರುತ್ತದೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಅಥವಾ ವಾರ್ಡು ನಡೆಸಿದ ಹೆಂಗಸು ಹೊಸ ದೇಶಕ್ಕೆ ಹೋಗಿ, ಗಂಡ ಕೆಲಸದಿಂದ ಬರುವುದನ್ನು ಕಾಯುತ್ತ ಮನೆಯಲ್ಲಿ ಕೂರುವಂತಾದರೆ ಆ ದಂಪತಿಯ ಸೇವೆ ಅರ್ಧಕ್ಕೆ ನಿಲ್ಲುವುದು ಬಹುತೇಕ ಖಚಿತ. ಬೈಬಲಿನಲ್ಲಿ ಪೌಲನೊಂದಿಗೆ ದುಡಿದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿ ಇಬ್ಬರೂ ಗುಡಾರ ಮಾಡುವ ಕಸುಬಿನವರು. ಇಬ್ಬರ ಹೆಸರೂ ಜೊತೆಜೊತೆಗೇ ದಾಖಲಾಗಿವೆ. ನಿಮ್ಮ ಪತ್ರದಲ್ಲಿಯೂ ಇಬ್ಬರ ಹೆಸರು, ಇಬ್ಬರ ಕೆಲಸ, ಇಬ್ಬರಿಗೂ ಬೇರೆ ಬೇರೆ ಮೇಲ್ವಿಚಾರಕರು ನಮೂದಾಗುವಂತೆ ನೋಡಿಕೊಳ್ಳಿ.

ಎರಡನೆಯ ಹಂತ: ಆರೋಗ್ಯ

ಹೊರಡುವುದಕ್ಕೆ ಆರು ತಿಂಗಳ ಮೊದಲೇ ಪೂರ್ಣ ತಪಾಸಣೆ ಮಾಡಿಸಿ. ಹೃದಯ, ಸಕ್ಕರೆ, ರಕ್ತದೊತ್ತಡ, ಕಣ್ಣಿನ ಪೊರೆ ಎಲ್ಲವನ್ನೂ ನೋಡಿಸಿ. ಹಲ್ಲನ್ನು ಮಾತ್ರ ಜನ ಮರೆತೇಬಿಡುತ್ತಾರೆ, ಅದನ್ನು ಮರೆಯಬೇಡಿ. ಪೊರೆಯ ಶಸ್ತ್ರಚಿಕಿತ್ಸೆಯನ್ನೋ ಹಲ್ಲಿನ ಕೆಲಸವನ್ನೋ 'ಬಂದ ಮೇಲೆ ನೋಡೋಣ' ಎಂದು ಮುಂದೂಡದೆ ಇಲ್ಲಿಯೇ ಮುಗಿಸಿಕೊಂಡು ಹೋಗಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಎಂದರೆ ಬೆಂಗಳೂರಿನ ಎರಡರಷ್ಟು ಎತ್ತರ. ಮೊದಲ ದಿನಗಳಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದುಂಟು. ಹೃದಯದ ತೊಂದರೆಯುಳ್ಳವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಿರಬೇಕು.

ಹಳದಿ ಜ್ವರದ ಲಸಿಕೆಯ ವಿಷಯವನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. ಭಾರತದಿಂದ ನೇರವಾಗಿ ಕೀನ್ಯಾಕ್ಕೆ ಹೋಗುವಾಗ ಅದರ ಪ್ರಮಾಣಪತ್ರ ಕೇಳುವುದಿಲ್ಲವಾದರೂ ಅಲ್ಲಿಂದ ಭಾರತಕ್ಕೆ ಮರಳುವಾಗ ಅದು ಕಡ್ಡಾಯ. ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಈ ಲಸಿಕೆಯನ್ನು ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಕಿಸಿದ 10 ದಿನಗಳ ನಂತರ ಪ್ರಮಾಣಪತ್ರ ಜಾರಿಗೆ ಬರುತ್ತದೆ, ಒಮ್ಮೆ ಹಾಕಿಸಿದರೆ ಜೀವಮಾನವಿಡೀ ಸಾಕು. ಆದರೆ 60 ದಾಟಿ ಮೊದಲ ಬಾರಿಗೆ ಈ ಲಸಿಕೆ ಹಾಕಿಸಿಕೊಳ್ಳುವವರಲ್ಲಿ, ಅಪರೂಪವಾದರೂ, ಗಂಭೀರ ಅಡ್ಡಪರಿಣಾಮದ ಸಂಭವ ಕಿರಿಯರಿಗಿಂತ ಹೆಚ್ಚು. ಆದ್ದರಿಂದ ನಿಮ್ಮ ವೈದ್ಯರೊಂದಿಗೆ ಬಿಡಿಸಿ ಮಾತಾಡಿ, ಬೇರೆ ಔಷಧಿಗಳ ವಿವರ ಕೊಟ್ಟು, ಆಮೇಲೆ ನಿರ್ಧರಿಸಿ. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೂ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೂ ಇದು ಸಲ್ಲದು.

ಮಲೇರಿಯಾವನ್ನು ಹಗುರವಾಗಿ ಕಾಣಬೇಡಿ. ನೈರೋಬಿಯ ಎತ್ತರದಲ್ಲಿ ಅದರ ಹಾವಳಿ ಕಡಿಮೆ. ಮೊಂಬಾಸಾದ ಕರಾವಳಿಯಲ್ಲಿಯೂ ವಿಕ್ಟೋರಿಯಾ ಸರೋವರದ ಸುತ್ತಲಿನ ಕಿಸುಮು ಕಡೆಯಲ್ಲಿಯೂ ಹೆಚ್ಚು. ಮೇಲೆ ಹೇಳಿದ ಕ್ರಾಪ್ಫ್ ಮೊಂಬಾಸಾಕ್ಕೆ ಬಂದ ಕೆಲವೇ ತಿಂಗಳಲ್ಲಿ, 1844ರ ಜುಲೈಯಲ್ಲಿ, ಆತನ ಹೆಂಡತಿ ರೋಸಿನೆ ಹೆರಿಗೆಯಾದ ಕೆಲವು ದಿನಗಳಲ್ಲಿಯೇ ಜ್ವರದಿಂದ ತೀರಿಕೊಂಡಳು, ಹಸುಗೂಸೂ ಉಳಿಯಲಿಲ್ಲ. ಇಂದು ಸೊಳ್ಳೆಪರದೆ, ತಡೆಮಾತ್ರೆ, ರಕ್ತಪರೀಕ್ಷೆ ಮೂರೂ ನಮಗಿವೆ. ಬಳಸದೆ ಬಿಡುವುದಕ್ಕೆ ನೆಪವಿಲ್ಲ. ಯಾವ ತಡೆಮಾತ್ರೆ ನಿಮ್ಮ ಇತರ ಔಷಧಿಗಳಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿಯೇ ಕೇಳಿ ತಿಳಿದುಕೊಳ್ಳಿ. ಅಲ್ಲಿ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಮರಳಿ ಬಂದ ನಂತರದ ತಿಂಗಳುಗಳಲ್ಲಿ ಜ್ವರ ಬಂದರೂ ವೈದ್ಯರಿಗೆ ನೀವು ಎಲ್ಲಿದ್ದಿರಿ ಎಂದು ಹೇಳಿ.

ದಿನನಿತ್ಯದ ಮಾತ್ರೆಗಳನ್ನು ಕನಿಷ್ಠ ಮೂರು ತಿಂಗಳಿಗೆ ಆಗುವಷ್ಟು, ಅಂಗಡಿಯ ಮೂಲ ಪ್ಯಾಕಿನಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಿರಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರು ಇರಲಿ, ಇಲ್ಲವಾದರೆ ಅಲ್ಲಿನ ಔಷಧದಂಗಡಿಯವರಿಗೆ ತಿಳಿಯುವುದಿಲ್ಲ.

ವಿಮೆಯಲ್ಲಿ ಎರಡು ಎಚ್ಚರ. ಇಲ್ಲಿನ ಆರೋಗ್ಯ ವಿಮೆ ಹೆಚ್ಚಾಗಿ ಹೊರದೇಶದ ಚಿಕಿತ್ಸೆಗೆ ಒದಗುವುದಿಲ್ಲ, ಆದರೂ ಅದರ ಕಂತನ್ನು ನಿಲ್ಲಿಸಬೇಡಿ. ನಿಲ್ಲಿಸಿ ಮರಳಿ ಬಂದು ಹೊಸದಾಗಿ ತೆಗೆದುಕೊಂಡರೆ, ಮೊದಲಿನಿಂದ ಇರುವ ಕಾಯಿಲೆಗಳಿಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. ಅಲ್ಲಿಗೆಂದು ತೆಗೆದುಕೊಳ್ಳುವ ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೂ ತುರ್ತು ಸ್ಥಳಾಂತರಕ್ಕೂ ರಕ್ಷಣೆ ಇದೆಯೇ ಎಂದು ಷರತ್ತಿನ ಪುಟಗಳನ್ನು ಓದಿ ನೋಡಿ. ಪ್ರವಾಸಿಗರಿಗೆ ಮಾರುವ ಸಾಮಾನ್ಯ ಪಾಲಿಸಿ ಒಂದೆರಡು ವರ್ಷದ ವಾಸಕ್ಕೆ ಸಾಲದು. ಹಳ್ಳಿಗಾಡಿನಲ್ಲಿ ಇರುವುದಾದರೆ ಆಮ್ರೆಫ್ ಸಂಸ್ಥೆಯ ವಿಮಾನ ಆಂಬುಲೆನ್ಸಿನ ಸದಸ್ಯತ್ವದ ಬಗ್ಗೆ ವಿಚಾರಿಸಿ. ಅದು 1957ರಲ್ಲಿ ಆರಂಭವಾದ ಸೇವೆ.

ಮೂರನೆಯ ಹಂತ: ಇಲ್ಲಿನ ಮನೆ, ಹಣ, ಹಿರಿಯರು

ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕೆಂಬುದು ಎಲ್ಲರಿಗೂ ಗೊತ್ತು; ಹೊರದೇಶದಲ್ಲಿರುವಾಗ ಅದನ್ನು ಹೇಗೆ ಸಲ್ಲಿಸಬೇಕೆಂಬುದನ್ನು ಹೊರಡುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ಅಥವಾ ಖಜಾನೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಆಧಾರ್ ಆಧಾರಿತ ಜೀವನ್ ಪ್ರಮಾಣ್ ಇದೆ, ಭಾರತದ ಹೈಕಮಿಷನ್ನಿನ ಅಧಿಕಾರಿಯಿಂದ ದೃಢೀಕರಣ ಪಡೆಯುವ ದಾರಿಯೂ ಇದೆ. ನಿಮ್ಮ ಶಾಖೆ ಯಾವುದನ್ನು ಒಪ್ಪುತ್ತದೆ ಎಂಬುದೇ ಮುಖ್ಯ.

ಇಲ್ಲಿನ ಮೊಬೈಲ್ ನಂಬರನ್ನು ಜೀವಂತವಾಗಿಡಿ. ಬ್ಯಾಂಕಿನ ಒಟಿಪಿ ಬರುವುದು ಆ ನಂಬರಿಗೇ. ರೋಮಿಂಗ್ ಚಾಲೂ ಮಾಡಿಸಿಕೊಂಡು, ರೀಚಾರ್ಜ್ ಮಾಡುವ ಹೊಣೆಯನ್ನು ಮಗನಿಗೋ ಮಗಳಿಗೋ ಒಪ್ಪಿಸಿ. ಒಂದು ಆರ್ಥಿಕ ವರ್ಷದಲ್ಲಿ ಬಹುಕಾಲ ಹೊರಗಿದ್ದರೆ ತೆರಿಗೆಯ ಲೆಕ್ಕದಲ್ಲಿಯೂ ಬ್ಯಾಂಕ್ ಖಾತೆಯ ಸ್ವರೂಪದಲ್ಲಿಯೂ ನಿಮ್ಮ ಸ್ಥಾನ ಬದಲಾಗಬಹುದು. ಲೆಕ್ಕಪರಿಶೋಧಕರನ್ನು ಒಮ್ಮೆ ಕಂಡು ಬನ್ನಿ. ಮನೆ ಕಂದಾಯ, ಬಾಡಿಗೆ, ಕೋರ್ಟು-ಕಚೇರಿ ಕೆಲಸಗಳಿಗಾಗಿ ನಂಬಿಕೆಯ ಒಬ್ಬರಿಗೆ ನಿರ್ದಿಷ್ಟ ಕೆಲಸಗಳಿಗಷ್ಟೇ ಸೀಮಿತವಾದ ಅಧಿಕಾರಪತ್ರ ಮಾಡಿಕೊಡಿ. ಆಸ್ತಿ ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಉಯಿಲು ಬರೆದಿಡಿ. ಅದರ ಜೊತೆಗೆ, ನಿಮ್ಮಲ್ಲಿ ಒಬ್ಬರು ಅಲ್ಲಿಯೇ ತೀರಿಕೊಂಡರೆ ಅಲ್ಲಿಯೇ ಮಣ್ಣು ಮಾಡಬೇಕೇ, ಊರಿಗೆ ತರಬೇಕೇ ಎಂಬುದನ್ನು ಇಬ್ಬರೂ ಕೂತು ಮಾತಾಡಿ, ಕಾಗದದಲ್ಲಿ ಬರೆದು, ಮಕ್ಕಳ ಕೈಯಲ್ಲಿ ಕೊಡಿ. ಮಕ್ಕಳು 'ಅಂಥ ಮಾತು ಯಾಕೆ ಅಪ್ಪಾ' ಎನ್ನುತ್ತಾರೆ, ಆದರೂ ಕೊಡಿ. ನೀವೇ 60 ದಾಟಿದವರಾದರೆ ನಿಮ್ಮ ತಂದೆತಾಯಿ 85-90ರ ಆಚೀಚೆ ಇರಬಹುದು. ಅವರು ಹಾಸಿಗೆ ಹಿಡಿದರೆ ಯಾರು ಮರಳುವುದು, ಒಬ್ಬರೇ ಬರುವುದೋ ಇಬ್ಬರೂ ಬರುವುದೋ, ಆ ಪ್ರಯಾಣಕ್ಕೆ ಹಣ ಎಲ್ಲಿದೆ ಎಂಬುದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರೊಂದಿಗೆ ಮೊದಲೇ ತೀರ್ಮಾನಿಸಿಕೊಳ್ಳಿ. ನಡುರಾತ್ರಿ ಫೋನು ಬಂದಾಗ ಕೂತು ಚರ್ಚಿಸುವ ಸ್ಥಿತಿ ಯಾರಿಗೂ ಇರುವುದಿಲ್ಲ.

ನಾಲ್ಕನೆಯ ಹಂತ: ಕಾಗದಪತ್ರ ಮತ್ತು ಸಾಮಾನು

ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾದ ಬದಲು ಇ-ಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಅದು ಅಲ್ಪಾವಧಿಯ ಭೇಟಿಗಷ್ಟೇ ಆಗುತ್ತದೆ, ಅದರ ಮೇಲೆ ಹೋಗಿ ಸೇವೆಗೆ ನಿಲ್ಲುವುದು ಕಾನೂನಿಗೆ ವಿರುದ್ಧ. ಮಾನ್ಯತೆ ಪಡೆದ ಧಾರ್ಮಿಕ ಅಥವಾ ದತ್ತಿ ಸಂಸ್ಥೆಯಲ್ಲಿ ಕೆಲಸ ಮಾಡುವವರಿಗೆ 'ಐ' ವರ್ಗದ ಪರ್ಮಿಟ್ ಇದೆ. ಅದಕ್ಕೆ ಅರ್ಜಿ ಹಾಕಬೇಕಾದುದು ನಿಮ್ಮನ್ನು ಕರೆಸಿಕೊಳ್ಳುವ ಸಭೆ. ಪರ್ಮಿಟ್ ಕೈಸೇರಲು ತಿಂಗಳುಗಳೇ ಹಿಡಿಯುವುದುಂಟು, ಆದ್ದರಿಂದ ಮನೆ ಬಾಡಿಗೆಗೆ ಕೊಡುವ ದಿನವನ್ನು ಅದು ಬಂದ ಮೇಲೆ ಗೊತ್ತುಮಾಡಿ. ಪಾಸ್‌ಪೋರ್ಟಿನ ಅವಧಿ ಸೇವೆಯ ಕಾಲವನ್ನು ದಾಟಿ ಇನ್ನೂ ಆರು ತಿಂಗಳಾದರೂ ಇರಲಿ. ಪೊಲೀಸ್ ಕ್ಲಿಯರೆನ್ಸ್, ವಿದ್ಯಾರ್ಹತೆಯ ಪತ್ರಗಳು, ಮದುವೆಯ ಪ್ರಮಾಣಪತ್ರ ಮೂಲದಲ್ಲಿಯೂ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿಯೂ ಜೊತೆಗಿರಲಿ.

ಸಾಮಾನು ಕಡಿಮೆ ಒಯ್ಯಿರಿ. ಅಲ್ಲಿನ ಪ್ಲಗ್ಗು ಇಂಗ್ಲೆಂಡಿನ ಮಾದರಿಯ ಮೂರು ಚಪ್ಪಟೆ ಕಡ್ಡಿಯದು. ಒಂದೆರಡು ಅಡಾಪ್ಟರ್ ಸಾಕು. ಜೂನ್‌ನಿಂದ ಆಗಸ್ಟ್‌ವರೆಗೆ ನೈರೋಬಿ ಸೀಮೆಯಲ್ಲಿ ಚಳಿ, ಸ್ವೆಟರ್ ಬೇಕು. ಪ್ಲಾಸ್ಟಿಕ್ ಕ್ಯಾರಿ ಬ್ಯಾಗುಗಳನ್ನು ಕೀನ್ಯಾ 2017ರ ಆಗಸ್ಟಿನಲ್ಲಿಯೇ ನಿಷೇಧಿಸಿದೆ, ದಂಡವೂ ಭಾರಿಯದು. ಉಪ್ಪಿನಕಾಯಿ ಬಾಟಲಿಗೆ ಸುತ್ತಿದ ಕವರನ್ನೂ ಬಿಡದೆ ಮನೆಯಲ್ಲಿಯೇ ತೆಗೆದಿಟ್ಟು ಬಟ್ಟೆಯ ಚೀಲ ಬಳಸಿ. ಬೀಜ, ಗಿಡ, ಹಸಿ ತರಕಾರಿ ಒಯ್ಯಬೇಡಿ. ಸಾರಿನ ಪುಡಿ, ಸಣ್ಣ ಕುಕ್ಕರ್, ಕನ್ನಡ ಸತ್ಯವೇದ, ಕೀರ್ತನೆಯ ಪುಸ್ತಕ ಇವಿಷ್ಟು ಇದ್ದರೆ ಉಳಿದುದೆಲ್ಲ ಅಲ್ಲಿ ಸಿಗುತ್ತದೆ. ತೊಗರಿಬೇಳೆ, ಹುಣಸೆಹಣ್ಣು, ಸಾಸಿವೆ ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಕಡೆಯ ಗುಜರಾತಿ ಅಂಗಡಿಗಳಲ್ಲಿ ಧಾರಾಳ.

ಐದನೆಯ ಹಂತ: ಮೊದಲ ವಾರ ಮತ್ತು ಮನೆ ಹೂಡುವುದು

ಮೊದಲ ವಾರ ಯಾವ ಸಭೆಯಲ್ಲಿಯೂ ಮಾತಾಡಲು ಒಪ್ಪಿಕೊಳ್ಳಬೇಡಿ. ನೀರು ಕುದಿಸುವ ವ್ಯವಸ್ಥೆ, ಸೊಳ್ಳೆಪರದೆ, ಬಾಗಿಲಿನ ಚಿಲಕ, ಹತ್ತಿರದ ಆಸ್ಪತ್ರೆಗೆ ಹೋಗುವ ದಾರಿ ಇವು ಮೊದಲು. ಹತ್ತಿರದಲ್ಲಿ ಒಳ್ಳೆಯ ವೈದ್ಯರು ಯಾರೆಂದು ಆರೋಗ್ಯ ಚೆನ್ನಾಗಿರುವಾಗಲೇ ಹೋಗಿ ಪರಿಚಯ ಮಾಡಿಕೊಂಡು ಬನ್ನಿ. ನೈರೋಬಿಯಲ್ಲಿರುವ ಭಾರತದ ಹೈಕಮಿಷನ್ನಿನಲ್ಲಿ ನಿಮ್ಮ ವಿಳಾಸ ನೋಂದಾಯಿಸಿ. 90 ದಿನಕ್ಕಿಂತ ಹೆಚ್ಚು ಕಾಲ ನಿಲ್ಲುವ ವಿದೇಶಿಯರು ವಲಸೆ ಇಲಾಖೆಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆಯಬೇಕು, ಅದನ್ನೂ ತಡಮಾಡಬೇಡಿ.

ಎಂ-ಪೆಸಾ ಇಲ್ಲದೆ ಅಲ್ಲಿ ಒಂದು ದಿನವೂ ಸಾಗದು. 2007ರಲ್ಲಿ ಸಫಾರಿಕಾಂ ಆರಂಭಿಸಿದ ಈ ಮೊಬೈಲ್ ಹಣದ ವ್ಯವಸ್ಥೆ ನಮ್ಮ ಯುಪಿಐಗಿಂತ ಎಷ್ಟೋ ಹಳೆಯದು, ಬ್ಯಾಂಕ್ ಖಾತೆ ಇಲ್ಲದೆಯೂ ನಡೆಯುತ್ತದೆ. ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಂಡು, ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಖಾತೆ ಮಾಡಿಸಿಕೊಳ್ಳಿ. ಊರಿನ ಏಜೆಂಟರ ಅಂಗಡಿಯಲ್ಲಿ ನಗದು ಕೊಟ್ಟರೆ ಫೋನಿಗೆ ಹಣ ತುಂಬುತ್ತದೆ, ತರಕಾರಿ ಮಾರುವ ತಾಯಿಗೂ ಅದರಿಂದಲೇ ಕೊಡಬಹುದು. ಹಣ ಕಳುಹಿಸುವಾಗ ಪಡೆಯುವವರ ಹೆಸರು ಕಾಣಿಸುತ್ತದೆ. ಅದನ್ನು ನೋಡಿಯೇ ಮುಂದುವರಿಯಿರಿ. 'ತಪ್ಪಿ ನಿಮಗೆ ಹಣ ಬಂದಿದೆ, ವಾಪಸ್ ಕಳುಹಿಸಿ' ಎಂಬ ಸಂದೇಶ ಬಂದರೆ ಮೊದಲು ನಿಮ್ಮ ಖಾತೆಯಲ್ಲಿ ನಿಜವಾಗಿ ಹಣ ಇದೆಯೇ ನೋಡಿ, ಏಕೆಂದರೆ ಹಿರಿಯರನ್ನು ಮೋಸಗೊಳಿಸುವ ಮಾಮೂಲಿ ದಾರಿ ಅದು.

ಊಟಕ್ಕೆ ಒಗ್ಗುವುದು ನಮ್ಮವರಿಗೆ ಕಷ್ಟವಲ್ಲ. ಅವರ ಉಗಾಲಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಕೈಯಲ್ಲಿ ಮುರಿದು, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯದೊಂದಿಗೆ ತಿನ್ನುತ್ತಾರೆ. ರಾಗಿ ಬೇಕೆನ್ನುವವರು ಸಂತೆಯಲ್ಲಿ 'ವಿಂಬಿ' ಎಂದು ಕೇಳಿ. ನಮ್ಮ ರಾಗಿಯೇ ಅದು, ಅದರ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಅಂಗಡಿಯಲ್ಲಿ ಸಿಗುವ ಹಿಟ್ಟು ಗಂಜಿಗೆಂದು ಜೋಳವನ್ನೋ ಮರಗೆಣಸನ್ನೋ ಬೆರೆಸಿದ್ದಾಗಿರಬಹುದು, ಅದರಿಂದ ಮುದ್ದೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಕಾಳನ್ನೇ ಕೊಂಡು, ಕಲ್ಲು ಆರಿಸಿ, ಊರಿನ 'ಪೋಷೋ ಮಿಲ್' ಎಂಬ ಗಿರಣಿಯಲ್ಲಿ ಬೀಸಿಸಿಕೊಳ್ಳಿ. ಗಿರಣಿಯ ಮುಂದಿನ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತಾಗ ಆಗುವ ಪರಿಚಯಗಳು ಸಭಾಭವನದಲ್ಲಿ ಆಗುವವುಗಳಿಗಿಂತ ಬೇಗ ಗಟ್ಟಿಯಾಗುತ್ತವೆ.

ರಸ್ತೆಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕತ್ತಲಾದ ಮೇಲೆ ದೂರ ಪ್ರಯಾಣ ಬೇಡ. 'ಮಟಾಟು' ಎಂಬ ವ್ಯಾನುಗಳ ಓಟ ನೋಡಿಯೇ ಅಭ್ಯಾಸವಾಗುವವರೆಗೆ ಸಭೆಯ ವಾಹನವನ್ನೋ ಪರಿಚಯದ ಚಾಲಕರನ್ನೋ ನಂಬಿ.

ಆರನೆಯ ಹಂತ: ಮೊದಲ ಮೂರು ತಿಂಗಳು, ನೋಡಿ ಕಲಿಯುವ ಕಾಲ

ಇಂಗ್ಲಿಷ್ ನಡೆಯುತ್ತದೆ ಎಂದು ಸ್ವಾಹಿಲಿಯನ್ನು ಬಿಡಬೇಡಿ. ದಿನಕ್ಕೊಂದು ಗಂಟೆಯಂತೆ ಊರಿನ ಶಿಕ್ಷಕರೊಬ್ಬರಿಂದ, ಸಂಬಳ ಕೊಟ್ಟು, ಪಾಠ ಹೇಳಿಸಿಕೊಳ್ಳಿ. ಬರೆದಂತೆಯೇ ಓದುವ, ಬಹುಪಾಲು ಸ್ವರದಲ್ಲಿ ಕೊನೆಗೊಳ್ಳುವ ಪದಗಳ ಭಾಷೆಯಾದ್ದರಿಂದ ಕನ್ನಡಿಗರ ನಾಲಗೆಗೆ ಅದು ಹೊರಳುವುದು ಸುಲಭ. ಭೇಟಿಯಾದ ಕೂಡಲೇ ಕೆಲಸದ ಮಾತೆತ್ತುವುದು ಅಲ್ಲಿ ಒರಟುತನ. ಮನೆಯವರ, ಪ್ರಯಾಣದ, ಮಳೆಯ ಕುಶಲ ಕೇಳಿ ಮುಗಿದ ಮೇಲೆ ವಿಷಯಕ್ಕೆ ಬರಬೇಕು. ಕರಾವಳಿಯ ಕಡೆ ಕಿರಿಯರು ನಿಮಗೆ 'ಶಿಕಮೋ' ಎಂದು ನಮಸ್ಕರಿಸಿದರೆ 'ಮರಹಬಾ' ಎಂದು ಉತ್ತರಿಸಿ.

ಸಮಯದ ಎಣಿಕೆಯನ್ನು ಮೊದಲ ವಾರವೇ ಕಲಿಯಿರಿ. ಸ್ವಾಹಿಲಿಯಲ್ಲಿ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ 7 ಗಂಟೆ ಅವರಿಗೆ ಒಂದನೆಯ ಗಂಟೆ, 8 ಎಂದರೆ ಎರಡನೆಯದು. ಸ್ವಾಹಿಲಿಯಲ್ಲಿ 'ಮೂರು ಗಂಟೆಗೆ ಸಭೆ' ಎಂದು ಹೇಳಿದರೆ ಬೆಳಿಗ್ಗೆ 9ಕ್ಕೆ ಹೋಗಬೇಕು. ಅನುಮಾನವಿದ್ದಾಗ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಭಾನುವಾರದ ಆರಾಧನೆಗೆ ಅರ್ಧ ದಿನವನ್ನು ಎತ್ತಿಡಿ. ಹೊಸಬರನ್ನು ಎಬ್ಬಿಸಿ ನಿಲ್ಲಿಸಿ ಪರಿಚಯ ಹೇಳಲು ಕೇಳುತ್ತಾರೆ. 'ಬ್ವಾನಾ ಅಸಿಫಿವೆ', ಅಂದರೆ ಕರ್ತನಿಗೆ ಸ್ತೋತ್ರ ಎಂದು ಆರಂಭಿಸಿದರೆ ಸಭೆಯೆಲ್ಲ 'ಆಮೆನ್' ಎನ್ನುತ್ತದೆ. ಹೆಸರು, ಊರು, ನಿಮ್ಮ ಸಭೆಯ ವಂದನೆ ಇಷ್ಟು ಹೇಳಿ ಕುಳಿತುಬಿಡಿ, ಪ್ರಸಂಗ ಬೇಡ. ಹಳ್ಳಿಯ ಸಭೆಗಳಲ್ಲಿ ಕಾಣಿಕೆಯಾಗಿ ಬಂದ ಬಾಳೆಗೊನೆ, ಮೊಟ್ಟೆ, ಕೋಳಿಗಳನ್ನು ಆರಾಧನೆಯ ನಂತರ ಹರಾಜು ಹಾಕುವುದುಂಟು. ನಮ್ಮಲ್ಲಿ ಬೆಳೆ ಕಾಣಿಕೆಯ ದಿನ ನಡೆಯುವಂತೆಯೇ. ಅಲ್ಲಿ ಕೂಗಿ ಬೆಲೆ ಏರಿಸಿ ಸಭೆಯವರನ್ನು ಮೀರಿಸಬೇಡಿ. ನಾಲ್ಕು ಮೊಟ್ಟೆ ಕೊಂಡು ನಕ್ಕು ಬನ್ನಿ.

ಇನ್ನು, ನಮ್ಮವರು ಹೊರಡುವ ಮೊದಲು ಯೋಚಿಸಿಯೇ ಇರದ ಒಂದು ವಿಷಯ. ಕೀನ್ಯಾದಲ್ಲಿ ನೀವು ಮೊದಲು ಮಿಷನರಿಯಾಗಿ ಕಾಣುವುದಿಲ್ಲ. 'ಮುಹಿಂದಿ'ಯಾಗಿ, ಎಂದರೆ ಭಾರತೀಯ ಮೂಲದವರಾಗಿ ಕಾಣುತ್ತೀರಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಮಾರ್ಗ ಹಾಕಲು ಬ್ರಿಟಿಷರು ಸುಮಾರು 32,000 ಭಾರತೀಯ ಕೂಲಿಗಳನ್ನು ಕರೆತಂದರು. ಅವರಲ್ಲಿ ಉಳಿದವರು ಮತ್ತು ಅವರ ಹಿಂದೆ ಬಂದ ವ್ಯಾಪಾರಿಗಳು ಅಂಗಡಿ, ಗಿರಣಿ, ಕಾರ್ಖಾನೆಗಳ ಒಡೆಯರಾದರು. ವಸಾಹತು ಆಡಳಿತ ಬಿಳಿಯರನ್ನು ಮೇಲೆ, ಭಾರತೀಯರನ್ನು ನಡುವೆ, ಆಫ್ರಿಕನ್ನರನ್ನು ಕೆಳಗೆ ಇರಿಸಿತ್ತು. 2017ರಲ್ಲಿ ಕೀನ್ಯಾ ಸರ್ಕಾರ ಭಾರತೀಯ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಘೋಷಿಸಿ ಗೌರವಿಸಿದರೂ, ಭಾರತೀಯರ ಅಂಗಡಿಯಲ್ಲಿಯೋ ಮನೆಯಲ್ಲಿಯೋ ದುಡಿದು ಕಹಿಯುಂಡ ನೆನಪುಳ್ಳವರು ನಿಮ್ಮ ಸಭೆಯಲ್ಲಿಯೇ ಇರಬಹುದು.

ಆದ್ದರಿಂದ ಮೊದಲ ತಿಂಗಳುಗಳಲ್ಲಿ ಜನ ನಿಮ್ಮ ಮಾತಿಗಿಂತ ನಿಮ್ಮ ಮನೆಯನ್ನು ಗಮನಿಸುತ್ತಾರೆ. ಮನೆಗೆಲಸದವರು ಯಾವ ಲೋಟದಲ್ಲಿ ಚಹಾ ಕುಡಿಯುತ್ತಾರೆ, ಎಲ್ಲಿ ಕೂತು ಉಣ್ಣುತ್ತಾರೆ, ನೀವು ಅವರನ್ನು ಹೇಗೆ ಕರೆಯುತ್ತೀರಿ ಎಂಬುದು ಎರಡೇ ದಿನದಲ್ಲಿ ಊರಿಗೆಲ್ಲ ತಿಳಿಯುತ್ತದೆ. ಊರಿನಲ್ಲಿ ಹಳೆಯ ಅಭ್ಯಾಸದಿಂದ ಕೆಲಸದವರಿಗೆ ಬೇರೆ ತಟ್ಟೆ ಇಡುವ ಮನೆಯವರಾಗಿದ್ದರೆ, ಆ ಅಭ್ಯಾಸವನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಹೊರಡಿ. ಕೆಲಸಕ್ಕೆ ಇಟ್ಟುಕೊಂಡವರಿಗೆ ಅಲ್ಲಿನ ಕಾನೂನಿನ ಕನಿಷ್ಠ ವೇತನವನ್ನೂ ಸಾಮಾಜಿಕ ಭದ್ರತೆಯ ವಂತಿಗೆಯನ್ನೂ ತಪ್ಪದೆ ಕೊಡಿ. ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಕೊಟ್ಟದ್ದನ್ನು ಉಣ್ಣಿ. ಭಾರತೀಯರ ಬಳಗವನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ, ಕಷ್ಟಕಾಲಕ್ಕೆ ಅವರು ಆಗುತ್ತಾರೆ; ಆದರೆ ಬಿಡುವಿನ ಸಂಜೆಗಳೆಲ್ಲ ಅಲ್ಲಿಯೇ ಕಳೆದುಹೋದರೆ ಸಭೆಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಏಳನೆಯ ಹಂತ: ಕೆಲಸ, ಹಣದ ಬೇಡಿಕೆ, ಹಿರಿತನ

ಅಲ್ಲಿ ವಯಸ್ಸಿಗೆ ಗೌರವ ಹೆಚ್ಚು. ನೀವು 'ಹೀಗೆ ಮಾಡಿದರೆ ಹೇಗೆ' ಎಂದು ಸಲಹೆಯಾಗಿ ಹೇಳಿದ್ದೂ ಆಜ್ಞೆಯಾಗಿ ಕೇಳಿಸಬಹುದು, ಯಾರೂ ಎದುರು ಹೇಳದಿರಬಹುದು. ಆ ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಹೊಸದೇನನ್ನಾದರೂ ಆರಂಭಿಸುವ ಮೊದಲು ಹಾಲಿ ಇರುವ ಪದ್ಧತಿ ಯಾಕೆ ಹಾಗಿದೆ ಎಂದು ಆ ಕೆಲಸ ಮಾಡುವವರನ್ನೇ ಕೇಳಿ. ನೀವು ಹೊರಟುಹೋದ ಮೇಲೆ ನಡೆಸಲಾಗದ ಯಾವುದನ್ನೂ ಆರಂಭಿಸದಿರುವುದು ಒಳ್ಳೆಯದು. ಲೆಕ್ಕದ ಪುಸ್ತಕವನ್ನು ನೀವೇ ಬರೆಯುವುದಕ್ಕಿಂತ ಅಲ್ಲಿಯ ಗುಮಾಸ್ತೆಯ ಪಕ್ಕ ಕೂತು ಬರೆಯಿಸುವುದು ನಿಧಾನ, ಆದರೆ ಉಳಿಯುವುದು ಅದೇ.

ಹಣದ ಬೇಡಿಕೆ ಬಂದೇ ಬರುತ್ತದೆ: ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು, ಶವಸಂಸ್ಕಾರದ ಖರ್ಚು. ಕೇಳುವವರಲ್ಲಿ ಹೆಚ್ಚಿನವರ ಕಷ್ಟ ನಿಜವಾದದ್ದು. ಕಷ್ಟಕ್ಕೆ ಎಲ್ಲರೂ ಕೈಲಾದಷ್ಟು ಕೂಡಿಸುವ 'ಹರಾಂಬೆ' ಎಂಬ ಪದ್ಧತಿಯೇ ಅಲ್ಲಿದೆ, ಅದರಲ್ಲಿ ಉಳಿದವರಂತೆ ನೀವೂ ಪಾಲು ಕೊಡಿ. ಅದರಾಚೆಗಿನ ನೆರವಿಗೆ ತಿಂಗಳಿಗೆ ಇಷ್ಟೆಂದು ಇಬ್ಬರೂ ಸೇರಿ ಮೊದಲೇ ಗೊತ್ತುಮಾಡಿ, ಆ ಮೊತ್ತವನ್ನು ಸಭೆಯ ಸಮಿತಿಯ ಮೂಲಕವೇ ಕೊಡಿ. ಯಾರಿಗೆ ಹೆಚ್ಚು ಅಗತ್ಯವೆಂದು ಅವರಿಗೆ ಗೊತ್ತು. ಗಂಡ ಇಲ್ಲವೆಂದದ್ದನ್ನು ಹೆಂಡತಿ ಹಿಂಬಾಗಿಲಿನಿಂದ ಕೊಟ್ಟರೆ, ಅಥವಾ ಹೆಂಡತಿ ಇಲ್ಲವೆಂದದ್ದನ್ನು ಗಂಡ ಕೊಟ್ಟರೆ, ಬೇಡುವವರಿಗೂ ಕಷ್ಟ, ಮನೆಯೊಳಗೂ ಕಷ್ಟ. ಮಕ್ಕಳ, ರೋಗಿಗಳ ಫೋಟೋ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸುವ ಅಭ್ಯಾಸವನ್ನು ಪೂರ್ತಿಯಾಗಿ ಬಿಡಿ.

ಎಂಟನೆಯ ಹಂತ: ಗಂಡ ಹೆಂಡತಿಯ ನಡುವೆ

ನಲವತ್ತು ವರ್ಷ ಬೆಳಿಗ್ಗೆ ಹೊರಟು ಸಂಜೆ ಸೇರುತ್ತಿದ್ದವರು ಈಗ ಒಂದೇ ಕೋಣೆಯಲ್ಲಿ, ಒಂದೇ ಕೆಲಸದಲ್ಲಿ, ಪರಿಚಿತರು ಯಾರೂ ಇಲ್ಲದ ಊರಿನಲ್ಲಿ ದಿನವಿಡೀ ಜೊತೆಗಿರಬೇಕಾಗುತ್ತದೆ. ವಾರದಲ್ಲಿ ಒಂದು ಅರ್ಧದಿನವಾದರೂ ಇಬ್ಬರೂ ಬೇರೆ ಬೇರೆ ಕಡೆ ಇರುವಂತೆ ನೋಡಿಕೊಳ್ಳಿ. ಒಂದು ಪೂರ್ಣ ದಿನ ಕೆಲಸದ ಮಾತಿಲ್ಲದ ವಿರಾಮವಿರಲಿ. ಭಾಷೆಯನ್ನು ಒಬ್ಬರು ಬೇಗ ಕಲಿಯುತ್ತಾರೆ, ಇನ್ನೊಬ್ಬರು ತಡವಾಗಿ. ಬೇಗ ಕಲಿತವರು ಇನ್ನೊಬ್ಬರ ಪರವಾಗಿ ಉತ್ತರಿಸುವುದನ್ನು ನಿಲ್ಲಿಸಬೇಕು. ಬಂದ ಸಂಭ್ರಮ ಇಳಿದ ಮೇಲೆ ಒಂದು ಮಂಕು ಕವಿಯುವುದುಂಟು, ಮೊಮ್ಮಗುವಿನ ಹುಟ್ಟುಹಬ್ಬವನ್ನೋ ನಂಟರ ಮದುವೆಯನ್ನೋ ಫೋನಿನಲ್ಲಿ ನೋಡಿದ ದಿನ ಅದು ಹೆಚ್ಚು. ಅಲ್ಲಿಗಿಂತ ಭಾರತ ಎರಡೂವರೆ ಗಂಟೆ ಮುಂದಿದೆ. ಅಲ್ಲಿನ ಸಂಜೆ 5ಕ್ಕೆ ಇಲ್ಲಿ ಏಳೂವರೆ, ಮಕ್ಕಳೊಂದಿಗೆ ಮಾತಾಡಲು ಒಳ್ಳೆಯ ಹೊತ್ತು. ವಾರಕ್ಕೆ ಎರಡು ದಿನ ಗೊತ್ತುಮಾಡಿಕೊಂಡು ಮಾತಾಡಿ. ಗಂಟೆಗೊಮ್ಮೆ ಫೋನು ನೋಡುತ್ತಿದ್ದರೆ ಮನಸ್ಸು ಎಲ್ಲಿಯೂ ನಿಲ್ಲುವುದಿಲ್ಲ. ಮಂಕು ವಾರಗಟ್ಟಲೆ ಮುಂದುವರಿದು ನಿದ್ದೆ, ಊಟ ಕೆಟ್ಟರೆ ಅದನ್ನು ವಿಶ್ವಾಸದ ಕೊರತೆ ಎಂದು ಮುಚ್ಚಿಡದೆ ವೈದ್ಯರಿಗೆ ಹೇಳಿ. ಅವಧಿಗೆ ಮೊದಲೇ ಮರಳಬೇಕಾಗಿ ಬಂದರೂ ಅದರಲ್ಲಿ ಅವಮಾನವಿಲ್ಲ.

ಒಂಬತ್ತನೆಯ ಹಂತ: ಒಪ್ಪಿಸಿ ಹೊರಡುವುದು

ಹೊರಡುವ ದಿನಾಂಕವನ್ನು ಮೂರು ತಿಂಗಳ ಮೊದಲೇ ಸಭೆಗೆ ತಿಳಿಸಿ, ನಿಮ್ಮ ಕೆಲಸವನ್ನು ಮುಂದುವರಿಸುವವರ ಹೆಸರನ್ನು ಅವರಿಂದಲೇ ಹೇಳಿಸಿ. ಕಡೆಯ ತಿಂಗಳಲ್ಲಿ ಆ ವ್ಯಕ್ತಿ ಕೆಲಸ ಮಾಡಲಿ, ನೀವು ಪಕ್ಕದಲ್ಲಿರಿ. ಬೀಗದ ಕೈ, ಪಾಸ್‌ವರ್ಡ್, ಬಾಕಿ ಬಿಲ್ಲು, ಅರ್ಧಕ್ಕೆ ನಿಂತ ಕೆಲಸಗಳ ಪಟ್ಟಿಯನ್ನು ಬರೆದು ಸಹಿ ಮಾಡಿ ಒಪ್ಪಿಸಿ. ಬಿಟ್ಟು ಹೋಗುವ ಪಾತ್ರೆ, ಬಟ್ಟೆ, ಪುಸ್ತಕಗಳನ್ನು ಹಂಚುವ ಕೆಲಸವನ್ನು ಸಭೆಯ ಹಿರಿಯರಿಗೆ ವಹಿಸಿ. ನೀವೇ ಹಂಚಿದರೆ ಸಿಕ್ಕವರು, ಸಿಗದವರು ಎಂಬ ಎರಡು ಪಂಗಡ ಹುಟ್ಟುತ್ತದೆ. ಊರಿಗೆ ಬಂದ ಮೇಲೆ ಅಲ್ಲಿಯವರು ಕುಶಲ ಕೇಳಿ ಫೋನು ಮಾಡಿದರೆ ಪ್ರೀತಿಯಿಂದ ಮಾತಾಡಿ; ಅಲ್ಲಿನ ಆಡಳಿತದ ದೂರು ಹೇಳಿದರೆ, ಅದನ್ನು ಈಗಿನ ಹೊಣೆಗಾರರ ಬಳಿಗೇ ಒಯ್ಯಲು ಹೇಳಿ. ನಿಮ್ಮನ್ನು ಕಳುಹಿಸಿದ ಸಭೆಗೆ ಖರ್ಚಿನ ಲೆಕ್ಕವನ್ನೂ ಆದ ಕೆಲಸದ, ಆಗದ ಕೆಲಸದ ವರದಿಯನ್ನೂ ಬರಹದಲ್ಲಿ ಸಲ್ಲಿಸಿ, ಮುಂದೆ ಅಲ್ಲಿಗೆ ಹೋಗಬಯಸುವ ದಂಪತಿಗೆ ಅದರ ಒಂದು ಪ್ರತಿಯನ್ನು ಕೊಡಿ.